ಐದು ತಂತಿ, ಒಂದು ಶಾಲು

ನಮ್ಮ ಮನೆಯ ಕಪಾಟಿನಲ್ಲಿ ಒಂದು ಶಾಲು ಇದೆ. ಮೆರೂನ್ ಬಣ್ಣ, ಜರಿಯ ಅಂಚು, ಎರಡೂ ತುದಿಗೆ ಕುಚ್ಚು. ಮೂರು ಸಲ ಒಗೆದರೂ ಅದರ ಡೀಸೆಲ್ ವಾಸನೆ ಹೋಗಿಲ್ಲ. ಇಪ್ಪತ್ತೆರಡು ವರ್ಷ ಗಿಟಾರ್ ಬಾರಿಸಿದ ನನಗೆ ಸಿಕ್ಕಿದ ಒಂದೇ ಒಂದು ಸನ್ಮಾನದ ಶಾಲು ಅದು. ಅದೂ ಬಾರಿಸಿದ್ದಕ್ಕೆ ಸಿಕ್ಕಿದ್ದಲ್ಲ, ಬಾರಿಸಲು ಆಗದೆ ಕೂತದ್ದಕ್ಕೆ.

ಇಪ್ಪತ್ತೆರಡು ವರ್ಷ ಅಂದ ಕೂಡಲೇ ದೊಡ್ಡ ಕಲಾವಿದ ಅಂದುಕೊಳ್ಳಬೇಡಿ. ವಾರದ ದಿನಗಳಲ್ಲಿ ನಾನು ಸುರತ್ಕಲ್ ಕಡೆಯ ಒಂದು ಸೊಸೈಟಿಯಲ್ಲಿ ಸಾಲದ ಕಂತು ಲೆಕ್ಕ ಹಾಕುವವನು. ಶನಿವಾರ, ಭಾನುವಾರ ರಸಮಂಜರಿಯಲ್ಲಿ ಗಿಟಾರ್. ನಮ್ಮ ಕಡೆಯವರಿಗೆ ರಸಮಂಜರಿ ಅಂದರೆ ಎಂತ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಗಣಪತಿಯ ಹಾಡಿನಿಂದ ಶುರುವಾಗಿ, ಹಳೇ ಸಿನಿಮಾ ಹಾಡುಗಳಲ್ಲಿ ಸ್ವಲ್ಪ ಹೊತ್ತು ಕೂತೆದ್ದು, ತುಳುವಿಗೆ ಇಳಿದು, ಕೊನೆಗೆ ಮಕ್ಕಳು ವೇದಿಕೆ ಮುಂದೆ ಧೂಳೆಬ್ಬಿಸುವಲ್ಲಿಗೆ ಮುಗಿಯುತ್ತದೆ. ಮೆಹಂದಿ, ಕ್ರೈಸ್ತರ ಮದುವೆ ಮುಂಚಿನ ರೋಸ್, ಗೃಹಪ್ರವೇಶ, ಯುವಕ ಮಂಡಲದ ವಾರ್ಷಿಕೋತ್ಸವ, ಯಾರು ಕರೆದರೂ ಹೋಗುತ್ತೇವೆ. ಒಂದು ಪ್ರೋಗ್ರಾಂಗೆ ನನ್ನ ಪಾಲು 1,500 ರೂಪಾಯಿ ಮತ್ತು ಊಟ. ಊಟ ಅಂದರೆ, ನಾವು ವಯರ್ ಸುತ್ತಿಟ್ಟು ಬಟ್ಟಲು ಹಿಡಿಯುವ ಹೊತ್ತಿಗೆ ಉಳಿದಿರುವ ಅನ್ನ ಮತ್ತು ಸಾರು. ಕೋಳಿ ಸುಕ್ಕ ಇತ್ತು ಅಂತ ಅದರ ಪಾತ್ರೆ ನೋಡಿ ತಿಳಿದುಕೊಳ್ಳಬೇಕು.

ಮೇ ತಿಂಗಳ ಮೂರನೇ ಶನಿವಾರ. ಕಾಪುವಿನಿಂದ ಸ್ವಲ್ಪ ಒಳಗೆ ಒಂದು ಮೈದಾನ. ಗಾಳಿಯನ್ನು ಹಿಂಡಿದರೆ ನೀರು ಬೀಳುವಂಥ ಸೆಕೆ. ರಾತ್ರಿ 9:40. ಇನ್ನು ಮೂರೇ ಹಾಡು, ಮೂರೂ ಕುಣಿಯುವ ಹಾಡು. ನಾನು ಕಣ್ಣು ಮುಚ್ಚಿ, ಎಡಗೈಯ ಮೂರು ಬೆರಳು ಸೇರಿಸಿ ತಂತಿಯನ್ನು ಮೇಲಕ್ಕೆ ತಳ್ಳಿ ಒಂದು ಸ್ವರ ಚೆನ್ನಾಗಿ ಅಳುವ ಹಾಗೆ ಮಾಡುತ್ತಾ ಇದ್ದೆ. ಟಪ್.

ಮೂರನೇ ತಂತಿ. 0.4 ಮಿಲಿಮೀಟರ್ ದಪ್ಪದ ಉಕ್ಕಿನ ಎಳೆ.

ಒಂದು ತಂತಿ ತಾನೇ, ಉಳಿದ ಐದರಲ್ಲಿ ಸುಧಾರಿಸಬಹುದಲ್ಲ ಅಂತ ನಿಮಗೆ ಅನಿಸಬಹುದು. ನಮ್ಮ ಕೀಬೋರ್ಡಿನವನಿಗೂ ಹಾಗೇ ಅನಿಸಿತು. ಆದರೆ ನನ್ನದು ಸ್ಟ್ರಾಟೋಕಾಸ್ಟರ್ ಮಾದರಿಯ ಗಿಟಾರ್. ಅದರ ಸೇತುವೆ, ಅಂದರೆ ತಂತಿಗಳ ಬುಡ ಕೂರುವ ಜಾಗ, ಮರಕ್ಕೆ ಗಟ್ಟಿಯಾಗಿ ಕೂತಿರುವುದಿಲ್ಲ. ಮುಂದಿನಿಂದ ಆರು ತಂತಿ ಎಳೆಯುತ್ತವೆ, ಹಿಂದಿನಿಂದ ಸ್ಪ್ರಿಂಗ್‌ಗಳು ಎಳೆಯುತ್ತವೆ. ಹಗ್ಗಜಗ್ಗಾಟ ಸಮಸಮ ಆದಲ್ಲಿ ಸೇತುವೆ ತೇಲಿಕೊಂಡು ನಿಂತಿರುತ್ತದೆ. ಒಂದು ತಂತಿ ಕೈಬಿಟ್ಟಿತೋ, ಸ್ಪ್ರಿಂಗ್‌ಗಳು ಗೆದ್ದು ಸೇತುವೆಯನ್ನು ಹಿಂದಕ್ಕೆ ಎಳೆಯುತ್ತವೆ, ಉಳಿದ ತಂತಿಗಳು ಬಿಗಿಯುತ್ತವೆ. ಕೂಡುಕುಟುಂಬದ ಹಾಗೆಯೇ. ಒಬ್ಬ ಮನೆ ಬಿಟ್ಟು ಹೋದರೆ ಉಳಿದ ಐದು ಜನರ ಸ್ವರವೂ ಏರುತ್ತದೆ. ಆ ಐದು ತಂತಿಯಲ್ಲಿ ನಾನು ಒಂದು ಕಾರ್ಡ್, ಅಂದರೆ ಕೆಲವು ಸ್ವರ ಒಟ್ಟಿಗೆ, ಹಿಡಿದೆ. ಗಾಯಕಿ ಹಾಡುತ್ತಾ ಹಾಡುತ್ತಾ ನನ್ನ ಕಡೆ ತಿರುಗಿದ ನೋಟ ಇನ್ನೂ ಕಣ್ಣ ಮುಂದೆ ಇದೆ.

ತಪ್ಪು ನನ್ನದೇ, ಒಪ್ಪುತ್ತೇನೆ. ಆ ತಂತಿ ಹಾಕಿದ್ದು ದೀಪಾವಳಿಗೆ. ಇದು ಕಿಟಕಿಯ ಸರಳೂ ಉಪ್ಪುಗಾಳಿಗೆ ಸಿಪ್ಪೆ ಬಿಡುವ ಊರು. ಇಲ್ಲಿ ಗಿಟಾರ್ ತಂತಿಯನ್ನು ತಿಂಗಳಿಗೊಮ್ಮೆ ಬದಲಾಯಿಸಬೇಕು ಅಂತ ಗೊತ್ತಿರುವವರು ಹೇಳುತ್ತಾರೆ. ಗೊತ್ತಿರುವವರು ದುಡ್ಡು ಕೊಡುವುದಿಲ್ಲವಲ್ಲ. ಒಂದು ಸೆಟ್‌ಗೆ ನಾಲ್ಕೈದು ನೂರು. ನಾನು ತಂತಿಯನ್ನು ಬಟ್ಟೆಯಲ್ಲಿ ಒರೆಸಿ, ಸ್ವಲ್ಪ ತೆಂಗಿನೆಣ್ಣೆ ಮುಟ್ಟಿಸಿ, ಇನ್ನೊಂದು ಪ್ರೋಗ್ರಾಂ ಆಗಲಿ ಅಂತ ದಿನ ದೂಡುವವನು.

ಹೊಸ ತಂತಿ ಹಾಕಿ, ಎಳೆದು ಎಳೆದು ಪಳಗಿಸಿ, ಶ್ರುತಿ ಮಾಡಲು ನನಗೆ ಏಳೆಂಟು ನಿಮಿಷ ಬೇಕು. ವೇದಿಕೆಯಲ್ಲಿ ಏಳೆಂಟು ನಿಮಿಷ ಖಾಲಿ ಬಿಟ್ಟರೆ ಜನ ಚಪ್ಪಲಿ ಹುಡುಕಲು ಶುರು ಮಾಡುತ್ತಾರೆ. ಆಗ ಮೈಕ್ ಹಿಡಿದು ಮುಂದೆ ಬಂದವರು ನಮ್ಮ ನಿರೂಪಕರು.

ಇವರನ್ನು ತಂಡದಲ್ಲಿ ನಾವು ಮೈಕಣ್ಣ ಅನ್ನುತ್ತೇವೆ. ಒಳ್ಳೆಯ ಮನುಷ್ಯ. ಸಾಲ ಕೇಳುವುದಿಲ್ಲ, ಊಟಕ್ಕೆ ಕಾಯುತ್ತಾರೆ, ಗಾಡಿಯಲ್ಲಿ ಸ್ಪೀಕರ್ ಏರಿಸಲು ಕೈ ಹಾಕುತ್ತಾರೆ. ಒಂದೇ ದೋಷ. ಮೈಕ್ ಎರಡು ಸೆಕೆಂಡ್ ಸುಮ್ಮನಿದ್ದರೆ ಅವರಿಗೆ ಉಸಿರು ಕಟ್ಟುತ್ತದೆ. "ಎರಡೇ ಎರಡು ಮಾತು" ಅಂತ ಶುರು ಮಾಡುತ್ತಾರೆ. ಒಮ್ಮೆ ಮೂಲ್ಕಿಯಲ್ಲಿ ಆ ಎರಡು ಮಾತು ಮುಗಿಯುವಾಗ ಮದುಮಗಳ ಕೈಯ ಮೆಹಂದಿ ಒಣಗಿತ್ತು.

"ಕಲಾಭಿಮಾನಿಗಳೇ, ಎರಡೇ ಎರಡು ಮಾತು" ಅಂದರು ಮೈಕಣ್ಣ. "ಈ ಸುಸಂದರ್ಭದಲ್ಲಿ ನಮ್ಮ ಅಧ್ಯಕ್ಷರನ್ನು ಶಾಲು ಹೊದಿಸಿ ಸನ್ಮಾನಿಸಬೇಕಾಗಿದೆ."

ಅಧ್ಯಕ್ಷರಿಗೆ ಗಾಬರಿಯಾಯಿತು. ಅವರಿಗೆ ಸಂಜೆ ಏಳಕ್ಕೇ ಸನ್ಮಾನ ಆಗಿತ್ತು, ಪೇಟ ಸಮೇತ. ಕೆಳಗಿನಿಂದ ಯಾರೋ "ಆಯ್ತಲ್ಲ ಮಾರಾಯ್ರೆ ಅವರದ್ದು" ಅಂತ ಕೂಗಿದರು. ಮೈಕಣ್ಣ ತಡವರಿಸಲಿಲ್ಲ. "ಆಗ ಸನ್ಮಾನಿಸಿದ್ದು ಅಧ್ಯಕ್ಷರನ್ನು. ಈಗ ಸನ್ಮಾನಿಸುವುದು ಅವರೊಳಗಿನ ಮನುಷ್ಯನನ್ನು."

ಒಳಗಿನ ಮನುಷ್ಯ ಎದ್ದು ಬಂದರು. ಸಮಿತಿಯ ಹತ್ತಿರ ಉಳಿದಿದ್ದದ್ದು ಒಂದೇ ಶಾಲು. ಅದನ್ನೇ ಹೊದಿಸಿದ್ದಾಯಿತು. ನಾನು ವೇದಿಕೆಯ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಮೊಬೈಲ್ ಟಾರ್ಚನ್ನು ಹಲ್ಲಲ್ಲಿ ಕಚ್ಚಿ, ಹೊಸ ತಂತಿಯನ್ನು ಸೇತುವೆಯ ತೂತಿಗೆ ತೂರಿಸುತ್ತಿದ್ದೆ. ಬೆವರಿನ ಕೈಗೆ ತಂತಿ ಜಾರುತ್ತಿತ್ತು. ಮೈಕಣ್ಣ ಓರೆಗಣ್ಣಲ್ಲಿ ನನ್ನನ್ನು ನೋಡಿದರು. ನಾನು ಐದು ಬೆರಳು ತೋರಿಸಿದೆ, ಇನ್ನು ಐದು ನಿಮಿಷ ಅಂತ. ಅವರು ಅದನ್ನು ಇನ್ನು ಐದು ಜನ ಅಂತ ತಿಳಿದುಕೊಂಡರು.

ಅಧ್ಯಕ್ಷರ ಹೆಗಲಿನಿಂದ ಶಾಲು ವಿನಯಪೂರ್ವಕ ವಾಪಸ್ ಬಂತು. ಎರಡನೆಯವರು ಶಾಮಿಯಾನದವರು, "ನಮ್ಮ ತಲೆಗೆ ನೆರಳಾದವರು". ರಾತ್ರಿ ಹತ್ತರ ಹೊತ್ತಿಗೆ ಎಂಥ ನೆರಳು ಅಂತ ಯಾರೂ ಕೇಳಲಿಲ್ಲ. ಮೂರನೆಯವನು ಜನರೇಟರ್ ಹುಡುಗ, "ತಾನು ಹೊಗೆ ಕುಡಿದು ಊರಿಗೆ ಬೆಳಕು ಕೊಟ್ಟವನು". ಹುಡುಗ ಆಗಷ್ಟೇ ಡೀಸೆಲ್ ತುಂಬಿಸಿ ಬಂದಿದ್ದ. ವೇದಿಕೆಗೆ ಹತ್ತಿದ ನಾಚಿಕೆಗೆ ಕೈ ಎಲ್ಲಿಡಬೇಕು ಅಂತ ತಿಳಿಯದೆ, ಹೊದಿಸಿದ ಶಾಲಿನಲ್ಲೇ ಎರಡೂ ಕೈ ಚೆನ್ನಾಗಿ ಒರೆಸಿಕೊಂಡ. ನಾಲ್ಕನೆಯವರು ಅಡುಗೆಯವರು. ಸೌಟು ಹಿಡಿದುಕೊಂಡೇ ಬಂದರು, ಶಾಲು ಹೊದ್ದರು, ಮೂಗು ಮುರಿದರು, "ಇದೆಂತ ವಾಸನೆ" ಅಂತ ಮೈಕಿನಲ್ಲೇ ಕೇಳಿದರು. ಇಡೀ ರಾತ್ರಿಯಲ್ಲಿ ಜಾಸ್ತಿ ಚಪ್ಪಾಳೆ ಬಿದ್ದದ್ದು ಆ ಮಾತಿಗೆ.

ಇಷ್ಟರಲ್ಲಿ ನಾನು ತಂತಿಯ ತುದಿಯನ್ನು ಮೇಲಿನ ಬಿರಡೆಗೆ, ಅಂದರೆ ತಂತಿ ಬಿಗಿಯುವ ಗೂಟಕ್ಕೆ, ಸಿಕ್ಕಿಸಿ ಗರಗರ ತಿರುಗಿಸುತ್ತಾ ಇದ್ದೆ. ಇನ್ನು ಒಂದೇ ನಿಮಿಷ ಸಾಕಿತ್ತು. ಆದರೆ ಮೈಕಣ್ಣನಿಗೆ ಜನ ಖಾಲಿಯಾಗಿತ್ತು. ಸುತ್ತ ನೋಡಿದರು. ನಾನು ಕಂಡೆ.

"ತಂತಿ ತುಂಡಾದರೂ ತಾಳ್ಮೆ ತುಂಡಾಗದ ಕಲಾವಿದ!"

ಬೇಡ ಅಂತ ತಲೆ ಅಲ್ಲಾಡಿಸಿದೆ. ಬಾಯಲ್ಲಿ ಮೊಬೈಲ್ ಇದ್ದ ಕಾರಣ ಬೇರೆ ಏನೂ ಹೇಳಲು ಆಗಲಿಲ್ಲ. ಅಧ್ಯಕ್ಷರು ಹಿಂದಿನಿಂದ ಬಂದು ಕೂತಲ್ಲಿಗೇ ಶಾಲು ಹೊದಿಸಿದರು. ನಾನು ತಿರುಗಿಸುತ್ತಲೇ ಇದ್ದೆ. ಶಾಲಿನ ಕುಚ್ಚು ಬಿರಡೆಯ ಮೇಲೆ ಬಿತ್ತು, ತಂತಿಯ ಜೊತೆಗೆ ಸುತ್ತಿಕೊಂಡಿತು, ನಾಲ್ಕೇ ಸುತ್ತಿಗೆ ಗಟ್ಟಿಯಾಗಿ ಒಳಗೆ ಹೋಯಿತು. ಈಗ ಗಿಟಾರ್ ಶಾಲಿಗೆ, ಶಾಲು ನನ್ನ ಕುತ್ತಿಗೆಗೆ. ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ಅತ್ತ ಬಗ್ಗಲೂ ಆಗುವುದಿಲ್ಲ, ಇತ್ತ ಏಳಲೂ ಆಗುವುದಿಲ್ಲ. "ಫೋಟೋ, ಫೋಟೋ" ಅಂದರು. ಫೋಟೋ ತೆಗೆದರು. ಬಾಯಲ್ಲಿ ಟಾರ್ಚ್ ಉರಿಯುತ್ತಾ ಇದ್ದ ಆ ಫೋಟೋ ಯುವಕ ಮಂಡಲದ ವಾಟ್ಸಾಪ್ ಗ್ರೂಪಿನಲ್ಲಿ ಇವತ್ತಿಗೂ ಓಡಾಡುತ್ತಿದೆ.

ಕುಚ್ಚು ಬಿಡಿಸಲು ನಮ್ಮ ತಬಲಾದವರು ಕತ್ತರಿ ಹುಡುಕಲು ಹೋದರು. ಹೋದ ದಾರಿಯಲ್ಲೇ ಪೊಲೀಸ್ ಒಬ್ಬರು ಬಂದರು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಇಲ್ಲ, 2000ನೇ ಇಸವಿಯಿಂದ ಇರುವ ನಿಯಮ. ಅದನ್ನು ನೆನಪಿಸಲು ಬಂದಿದ್ದರು, ಪಾಪ. ಮೈಕಣ್ಣ ಬಿಡುತ್ತಾರಾ? "ನಮ್ಮೂರಿನ ನಿದ್ದೆಯ ಕಾವಲುಗಾರರು" ಅಂತ ಕೈ ಹಿಡಿದು ಮೇಲೆ ಹತ್ತಿಸಿದರು. ಶಾಲು ನನ್ನ ಗಿಟಾರಿಗೆ ಕಟ್ಟಿಕೊಂಡಿದ್ದ ಕಾರಣ ಅವರಿಗೆ ಹಣ್ಣಿನ ತಟ್ಟೆ ಮಾತ್ರ. ಎರಡು ಮಾತು ಆಡಬೇಕು ಅಂತ ಒತ್ತಾಯ ಮಾಡಿದರು. ಅವರಿಗೆ ಮಾತು ಬರುವುದಿಲ್ಲವಂತೆ, ಹಾಡು ಬರುತ್ತದಂತೆ. ಕಣ್ಣು ಮುಚ್ಚಿ ಒಂದು ಭಾವಗೀತೆ ಶುರು ಮಾಡಿದರು. ಕೀಬೋರ್ಡಿನವ ಹಿಂದೆಯೇ ಹೋದ. ಬಹಳ ಚೆನ್ನಾಗಿ ಹಾಡಿದರು, ಸುಳ್ಳು ಹೇಳಬಾರದು. ಎರಡನೇ ಚರಣ ಮುಗಿಸಿ, ಕಣ್ಣು ತೆರೆದು, ತಮ್ಮದೇ ವಾಚ್ ನೋಡಿ, ಅದೇ ಮೈಕಿನಲ್ಲಿ ಹೇಳಿದರು.

"ಹತ್ತು ಗಂಟೆ ಆಯ್ತು. ಬಂದ್ ಮಾಡಿ."

ಅಲ್ಲಿಗೆ ಮುಗಿಯಿತು. ಕುಣಿಯುವ ಮೂರು ಹಾಡಿಗೆ ಸಂಜೆಯಿಂದ ಕಾದಿದ್ದ ಮಕ್ಕಳು ನನ್ನನ್ನೇ ನೋಡುತ್ತಾ ಹೋದರು. ಮೂರು ಹಾಡು ಕಡಿಮೆಯಾಯಿತು ಅಂತ ಒಬ್ಬೊಬ್ಬರಿಗೆ 300 ರೂಪಾಯಿ ಕಡಿತ. ಅದನ್ನೂ ಸಹಿಸಿಕೊಂಡೆ. ಗಾಡಿಯಲ್ಲಿ ವಾಪಸ್ ಬರುವಾಗ ಕೀಬೋರ್ಡಿನವ ಸಮಾಧಾನ ಹೇಳಿದ ನೋಡಿ, ಅದು ಇವತ್ತಿಗೂ ಚುಚ್ಚುತ್ತದೆ. "ನೀನು ಮಂಡೆಬೆಚ್ಚ ಮಾಡಬೇಡ ಮಾರಾಯ. ಪೊಲೀಸಿನವರ ಹಾಡಿಗೆ ಗಿಟಾರಿನ ಸೌಂಡ್ ನಾನೇ ಕೀಬೋರ್ಡಿನಲ್ಲಿ ಹಾಕಿದೆ. ಯಾರಿಗೂ ಗೊತ್ತೇ ಆಗ್ಲಿಲ್ಲ."

ಯಾರಿಗೂ ಗೊತ್ತೇ ಆಗಲಿಲ್ಲ! ಮಲಗಿದ ಮೇಲೂ ಈ ಮಾತು ಬಿಡಲಿಲ್ಲ. ಇನ್ನೊಂದು ಗಿಟಾರ್ ತೆಗೆದುಕೊಳ್ಳಲೇಬೇಕು ಅಂತ ಬೆಳಿಗ್ಗೆ ತೀರ್ಮಾನ ಮಾಡಿದೆ. ದೊಡ್ಡದೇನಲ್ಲ. ಸುಮ್ನೆ ಪಕ್ಕದಲ್ಲಿ ನಿಂತಿರಬೇಕು, ತಂತಿ ಹೋದ ಕೂಡಲೇ ಕೈಗೆ ಬರಬೇಕು.

ಮನೆಯಲ್ಲಿ ಹೇಳಿದೆ. ಇವಳು ಹೈಸ್ಕೂಲಿನಲ್ಲಿ ಗಣಿತದ ಟೀಚರ್.

"ಇರುವುದಕ್ಕೆ ಎಂತ ಆಗಿದೆ?"

"ಇರುವುದು ಹಾಳಾದಾಗ ಬಾರಿಸಲಿಕ್ಕೆ."

"ಎಷ್ಟು?"

"ಹನ್ನೆರಡರೊಳಗೆ."

"ಎಂಟು ಪ್ರೋಗ್ರಾಂ" ಅಂದಳು, ದೋಸೆ ಮಗುಚುತ್ತಾ. "ಕಡಿತ ಹಿಡಿದರೆ ಹತ್ತು."

ನಾನು ಉಪಾಯದಲ್ಲಿ ಅಡುಗೆಮನೆಯ ಮೂಲೆ ತೋರಿಸಿದೆ. ಗ್ಯಾಸ್ ಸಿಲಿಂಡರ್ ಎರಡು ಯಾಕೆ ಇಟ್ಟಿದ್ದೇವೆ, ಒಂದು ಖಾಲಿಯಾದರೆ ಇನ್ನೊಂದು ಬೇಕು ಅಂತ ತಾನೇ?

"ಸಿಲಿಂಡರಿನಲ್ಲಿ ಅನ್ನ ಬೇಯ್ತದೆ" ಅಂದಳು. ಆದರೂ ಬೇಡ ಅನ್ನಲಿಲ್ಲ. ವಾಟ್ಸಾಪ್ ಫೋಟೋ ಅವಳ ಸ್ಟಾಫ್ ರೂಮಿಗೂ ಬಂದಿತ್ತು ಅಂತ ಕಾಣುತ್ತದೆ.

ಮಂಗಳೂರು ಪೇಟೆಯ ಒಂದು ಅಂಗಡಿಗೆ ಹೋದೆ. ಎಸಿ ತಂಪು, ಗೋಡೆ ತುಂಬಾ ಗಿಟಾರ್. ಅಂಗಡಿಯ ಹುಡುಗ ಕೇಳಿದ, "ಯಾವ ಜಾನರ್ ಬಾರಿಸ್ತೀರಿ ಸರ್? ಬ್ಲೂಸ್? ಮೆಟಲ್?"

"ರಸಮಂಜರಿ" ಅಂದೆ.

ಅವನು ಸ್ವಲ್ಪ ಹೊತ್ತು ಯೋಚಿಸಿ "ಬಿಗಿನರ್ ಗಿಟಾರ್ ತೋರಿಸ್ತೇನೆ" ಅಂದ. ನನಗೆ ನಲವತ್ತೇಳು. ಸಿಟ್ಟು ಬಂದರೂ ನುಂಗಿಕೊಂಡೆ. ನನ್ನ ಜೇಬಿನ ಮಟ್ಟಕ್ಕೆ ಸಿಗುವುದು ಆ ಸಾಲಿನಲ್ಲೇ ಅಂತ ನನಗೂ ಗೊತ್ತಿತ್ತು.

ಅವನು ಒಂದೊಂದೇ ಇಳಿಸಿ ತಾನೇ ಬಾರಿಸಿ ತೋರಿಸಿದ. ಪ್ರತಿಯೊಂದರಲ್ಲೂ ಅದೇ ಒಂದು ತುಣುಕು, ಆಟಿ ತಿಂಗಳ ಮಳೆ ಹಂಚಿನ ಮೇಲೆ ಬಿದ್ದ ಹಾಗೆ. ಎಲ್ಲಾ ಗಿಟಾರ್ ಅದ್ಭುತವಾಗಿ ಕೇಳಿದವು. ನನ್ನ ಕೈಗೆ ಬಂದ ಕೂಡಲೇ ಎಲ್ಲವೂ ನನ್ನ ಹಾಗೆ ಕೇಳಿದವು. ಮೊದಲು ಆ ಆಂಪ್ಲಿಫೈಯರಿನ ಗುಂಯ್ಗುಡುವ ಎಫೆಕ್ಟ್ ಎಲ್ಲ ತೆಗೆಯಪ್ಪಾ ಅಂದೆ. ಅದು ಮೇಕಪ್. ಮೇಕಪ್ ತೆಗೆದ ಮೇಲೆ ಒಂದರ ಏಳನೇ ಮನೆಯಲ್ಲಿ, ಅಂದರೆ ಬೆರಳು ಒತ್ತುವ ಏಳನೇ ಜಾಗದಲ್ಲಿ, ತಂತಿ ಜರ್ ಅನ್ನುತ್ತಿತ್ತು. ಇನ್ನೊಂದರ ವಾಲ್ಯೂಮ್ ತಿರುಗಿಸಿದರೆ ಬಾಣಲೆಗೆ ಸಾಸಿವೆ ಹಾಕಿದ ಹಾಗೆ ಚಟಪಟ. ಮತ್ತೊಂದರ ವಯರ್ ಚುಚ್ಚುವ ತೂತು ಎಷ್ಟು ಸಡಿಲ ಅಂದರೆ ನಾನು ಕೆಮ್ಮಿದರೆ ಸ್ವರ ಹೋಗುತ್ತಿತ್ತು. ಕಡಿಮೆ ಬೆಲೆಯ ಗಿಟಾರಿನಲ್ಲಿ ಮರ ಹಾಳಾಗುವುದಕ್ಕಿಂತ ಮೊದಲು ಕೈಕೊಡುವುದು ಇಂಥ ಚಿಲ್ಲರೆ ಸಾಮಾನೇ.

ನಾನು ಒಂದು ಗಿಟಾರನ್ನು ಎತ್ತಿ, ಒಂದು ಕಣ್ಣು ಮುಚ್ಚಿ, ಕೋಳಿನ, ಅಂದರೆ ಗಿಟಾರಿನ ಉದ್ದ ಕುತ್ತಿಗೆಯ, ಉದ್ದಕ್ಕೂ ನೋಡಿದೆ. ಅಡಿಕೆ ಕೊಯ್ಯುವ ದೋಟಿ ಸೊಟ್ಟ ಉಂಟಾ ಅಂತ ಅಜ್ಜ ನೋಡುತ್ತಿದ್ದದ್ದು ಹೀಗೆಯೇ. ಕೋಳು ಪೂರ್ತಿ ನೇರ ಇರಬಾರದು, ತಂತಿ ಅಲುಗಾಡಲು ಕೂದಲಿನಷ್ಟು ಒಳಬಾಗು ಇರಬೇಕು. ಈ ಗಿಟಾರಿನದ್ದು ದೋಣಿಯ ಹಾಗೆ ಬಾಗಿತ್ತು. ಹುಡುಗ ಹೆದರಿ "ಸರ್, ನೀವು ಗಿಟಾರ್ ರಿಪೇರಿಯವರಾ?" ಅಂತ ಕೇಳಿದ. ಒಳಗೆ ಇರುವ ಕಬ್ಬಿಣದ ಸರಳನ್ನು ತಿರುಗಿಸಿದರೆ ಸರಿ ಆಗುತ್ತದೆ, ಅದು ದೊಡ್ಡ ವಿಷಯ ಅಲ್ಲ. ದೊಡ್ಡ ವಿಷಯ ಅಂದರೆ ಅವನ ಹತ್ತಿರ ನನ್ನ ಬೆಲೆಗೆ ಇದ್ದವೆಲ್ಲ ನನ್ನದೇ ಮಾದರಿ, ಸ್ಪ್ರಿಂಗ್ ಇರುವವು. ಒಂದರ ತಂತಿ ಹೋದಾಗ ಅದೇ ಕಾಯಿಲೆಯ ಇನ್ನೊಂದನ್ನು ಎತ್ತಿಕೊಳ್ಳುವುದಕ್ಕೆ ನನಗೆ ಮನಸ್ಸಿರಲಿಲ್ಲ. ಬದಲಿಗೆ ಬರುವವನು ಗಟ್ಟಿ ಕೂತ ಸೇತುವೆಯವನಾಗಿರಬೇಕು. ಒಂದು ತಂತಿ ಹೋದರೂ ಐದರಲ್ಲಿ ಹಾಡು ಮುಗಿಸುವವನು.

ಅಂದರೆ ಟೆಲಿಕಾಸ್ಟರ್ ಮಾದರಿ. ಇದರ ಕಥೆ ನನಗೆ ಬಹಳ ಇಷ್ಟ. ಮಾಡಿದವನು ಲಿಯೋ ಫೆಂಡರ್, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟವನು. ಅವನಿಗೆ ಗಿಟಾರ್ ಬಾರಿಸಲು ಬರುತ್ತಲೇ ಇರಲಿಲ್ಲ. ರಿಪೇರಿಯವನ ತಲೆ ನೋಡಿ. ಚಪ್ಪಟೆ ಹಲಗೆ, ನಾಲ್ಕು ಸ್ಕ್ರೂನಲ್ಲಿ ಕೋಳು, ಹಾಳಾದರೆ ಬಿಚ್ಚಿ ಬೇರೆ ಹಾಕಿ. 1950ರಲ್ಲಿ ಬ್ರಾಡ್‌ಕಾಸ್ಟರ್ ಅಂತ ಹೆಸರಿಟ್ಟ. ಆ ಹೆಸರು ನಮ್ಮದು ಅಂತ ಡ್ರಮ್ ಮಾಡುವ ಇನ್ನೊಂದು ಕಂಪನಿ ಹೇಳಿತು. ಹೊಸ ಹೆಸರು ಸಿಗುವವರೆಗೆ ಸ್ಟಿಕರಿನಿಂದ ಆ ಹೆಸರಿನ ಭಾಗ ಕತ್ತರಿಸಿಯೇ ಗಿಟಾರ್ ಮಾರಿದರು. 1951ರಲ್ಲಿ ಟೆಲಿಕಾಸ್ಟರ್ ಆಯಿತು. ಸ್ಪ್ರಿಂಗಿನ ಸ್ಟ್ರಾಟೋಕಾಸ್ಟರ್ ಬಂದದ್ದು ಆಮೇಲೆ, 1954ರಲ್ಲಿ. ನನ್ನ ಮಟ್ಟಿಗೆ ಆ ಮನುಷ್ಯ ನಾಲ್ಕು ವರ್ಷ ಮೊದಲೇ ನಿಲ್ಲಿಸಬಹುದಿತ್ತು.

ಹೊಸದಕ್ಕೆ ದುಡ್ಡು ಸಾಲದು. ಆಗ ಒಬ್ಬರು ಹೇಳಿದರು, ಮಣಿಪಾಲದಲ್ಲಿ ಹುಡುಕು ಅಂತ. ಮೇ, ಜೂನ್ ಅಂದರೆ ಅಲ್ಲಿ ಕೋರ್ಸ್ ಮುಗಿಸಿದ ಮಕ್ಕಳು ಊರು ಬಿಡುವ ಕಾಲ. ಸೈಕಲ್, ಕೂಲರ್, ಇಂಡಕ್ಷನ್ ಒಲೆ, ಗಿಟಾರ್, ಎಲ್ಲ ಮಾರಾಟಕ್ಕೆ. ನಾಲ್ಕು ವರ್ಷದ ಹಿಂದೆ ಹಟ ಮಾಡಿ ಕೊಂಡದ್ದನ್ನು ನಾಲ್ಕು ದಿನದಲ್ಲಿ ಕೊಟ್ಟು ಹೋಗಬೇಕು.

ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಉಡುಪಿ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಗುಡ್ಡ ಹತ್ತಿದೆ. ಹುಡುಗ ಧಾರವಾಡ ಕಡೆಯವನು. ಹಾಸ್ಟೆಲ್ ಹೊರಗಿನ ಮೆಟ್ಟಿಲ ಮೇಲೆ ಗಿಟಾರ್ ಹಿಡಿದು ಕೂತಿದ್ದ. ಸ್ಕ್ವಯರ್ ಕಂಪನಿಯ ಟೆಲಿಕಾಸ್ಟರ್. ಫೆಂಡರಿನವರದ್ದೇ ಕಡಿಮೆ ಬೆಲೆಯ ಬ್ರ್ಯಾಂಡ್ ಅದು. ಬೆಣ್ಣೆ ಬಣ್ಣ, ಬಲಗೈ ಊರುವಲ್ಲಿ ಸ್ವಲ್ಪ ಮಾಸಿತ್ತು. ಹಿಂಬದಿಯಲ್ಲಿ ಸ್ಟಿಕರ್ ಕಿತ್ತ ಅಂಟಿನ ಗುರುತು. ಹದಿನಾಲ್ಕು ಸಾವಿರ ಅಂದ. ನಾನು ದೋಟಿ ನೋಡಿದೆ, ಸಾಸಿವೆ ಕೇಳಿದೆ, ಜ್ಯಾಕ್ ಅಲುಗಾಡಿಸಿದೆ, ಹನ್ನೆರಡನೇ ಮನೆಯಲ್ಲಿ ಸ್ವರ ಸರಿ ಕೂಡುತ್ತದಾ ನೋಡಿದೆ. ಹತ್ತು ಅಂದೆ. ಹನ್ನೊಂದೂವರೆಗೆ ನಿಂತಿತು.

ದುಡ್ಡು ಕಳಿಸಿದೆ. ಮೊಬೈಲ್ ಟಿಂಗ್ ಅಂದಿತು. ಅವನು ಗಿಟಾರ್ ಕೊಡಲಿಲ್ಲ. "ಒಂದ್ನಿಮಿಷ ರೀ ಅಂಕಲ್" ಅಂತ ಹೇಳಿ, ಅಂಗಿಯ ತುದಿಯಲ್ಲಿ ತಂತಿ ಒರೆಸಿ, ಒಂದು ಸಣ್ಣ ಹಾಡು ಬಾರಿಸಿದ. ಆಂಪ್ಲಿಫೈಯರ್ ಇಲ್ಲದೆ ಎಲೆಕ್ಟ್ರಿಕ್ ಗಿಟಾರ್ ಎಷ್ಟು ಕೇಳುತ್ತದೆ? ಪಕ್ಕದ ಮೆಟ್ಟಿಲಿಗೂ ಕೇಳುವುದಿಲ್ಲ. ನಡುವೆ ಒಂದು ಕಡೆ ತಪ್ಪಿದ, ಮತ್ತೆ ಮೊದಲಿನಿಂದ ಹಿಡಿದು ಸರಿಯಾಗಿ ಮುಗಿಸಿದ. ಆಮೇಲೆ ಕೊಟ್ಟ.

"ಪ್ರೋಗ್ರಾಂನ್ಯಾಗ ಬಾರಸ್ತೀರಲ್ರೀ ಅಂಕಲ್? ಸುಮ್ನ ಮನ್ಯಾಗ ಇಡಂಗಿಲ್ಲಲ್ಲ?"

ಬಾರಿಸುತ್ತೇನೆ ಅಂದೆ. ಇದು ತಂತಿ ತುಂಡಾದರೆ ಮಾತ್ರ ಹೊರಗೆ ಬರುವ ಗಿಟಾರ್ ಅಂತ ಹೇಳಲು ಬಾಯಿ ಬರಲಿಲ್ಲ. ಇಳಿಯುವಾಗ ತಿರುಗಿ ನೋಡಿದರೆ ಅವನು ಖಾಲಿ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅಲ್ಲೇ ಕೂತಿದ್ದ. ಬಸ್ಸಿನಲ್ಲಿ ಕಂಡಕ್ಟರ್ "ಇದೆಂತದು, ವೀಣೆಯಾ?" ಅಂತ ಕೇಳಿದ. ಹೌದು ಅಂದುಬಿಟ್ಟೆ. ವೀಣೆ ಅಂದಮೇಲೆ ಲಗೇಜ್ ದುಡ್ಡು ಕೇಳಲಿಲ್ಲ, ಸೀಟು ಕೂಡ ಮಾಡಿಕೊಟ್ಟ.

ಮನೆಗೆ ಬಂದ ಮೇಲೆ ಅದರ ಗುಣ ಒಂದೊಂದೇ ಗೊತ್ತಾಯಿತು. ಶ್ರುತಿ ಮಾಡುವಾಗ ಟಿಕ್ ಟಿಕ್ ಅಂತ ತಂತಿ ಹಾರಿ ಹಾರಿ ಏರುತ್ತಿತ್ತು. ತಂತಿಗಳು ಹಾದುಹೋಗುವ ಮೇಲಿನ ಪ್ಲಾಸ್ಟಿಕ್ ಕಟ್ಟೆಯ ಗೀರಿನಲ್ಲಿ ಸಿಕ್ಕಿಕೊಳ್ಳುವುದು. ಮಗನ ಪೆನ್ಸಿಲ್ ತೆಗೆದುಕೊಂಡು ಗೀರಿನೊಳಗೆ ಚೆನ್ನಾಗಿ ತಿಕ್ಕಿದೆ. ಪೆನ್ಸಿಲಿನ ಕಪ್ಪು ಪುಡಿಗೆ ತಂತಿ ಜಾರುತ್ತದೆ, ಐದು ರೂಪಾಯಿಯ ರಿಪೇರಿ. ಇದಕ್ಕೆ ಮದ್ದುಂಟು. ಗೊಣಗಾಟಕ್ಕೆ ಇಲ್ಲ. ತಂತಿಯ ಅದುರು ಹಿಡಿದು ಆಂಪ್ಲಿಫೈಯರಿಗೆ ಕಳಿಸುವ ಪಿಕಪ್ ಒಂಟಿ ಸುರುಳಿಯದ್ದು ಅಲ್ವಾ, ನಮ್ಮ 50 ಹರ್ಟ್ಸ್ ಕರೆಂಟಿನ ಗುಂಯ್ ಶಬ್ದವನ್ನೆಲ್ಲ ಹೀರಿಕೊಳ್ಳುತ್ತದೆ. ಸ್ಟ್ರಾಟೂ ಹಾಗೆಯೇ, ಆದರೆ ಇದು ಸ್ವಲ್ಪ ಜಾಸ್ತಿ ಬಾಯಿಯದ್ದು. 1955ರಲ್ಲೇ ಗಿಬ್ಸನ್ ಕಂಪನಿಯ ಒಬ್ಬ ಇಂಜಿನಿಯರ್ ಎರಡು ಸುರುಳಿಗಳನ್ನು ಒಂದಕ್ಕೊಂದು ಉಲ್ಟಾ ಜೋಡಿಸಿ, ಒಂದರ ಗೊಣಗಾಟ ಇನ್ನೊಂದಕ್ಕೆ ವಜಾ ಆಗುವ ಹಾಗೆ ಮಾಡಿ ಪೇಟೆಂಟಿಗೆ ಅರ್ಜಿ ಹಾಕಿದ. ಅವನ ಹೆಸರು ಸೆತ್ ಲವರ್. ಇಬ್ಬರನ್ನು ವಿರುದ್ಧ ದಿಕ್ಕಿಗೆ ಕೂರಿಸಿ ಗೊಣಗಾಟ ನಿಲ್ಲಿಸಿದವನ ಹೆಸರು ಲವರ್. ಇವಳಿಗೆ ಹೇಳಿದೆ, ನಗಲಿಲ್ಲ.

ಒಂಟಿ ಸುರುಳಿಗೂ ಒಂದು ಉಪಾಯ ಉಂಟು. ತಿರುಗಿ ನಿಲ್ಲಬೇಕು. ಗಿಟಾರ್ ಯಾವ ದಿಕ್ಕಿಗೆ ಇದೆ ಅನ್ನುವುದರ ಮೇಲೆ ಗುಂಯ್ ಏರುತ್ತದೆ, ಇಳಿಯುತ್ತದೆ. ನಮ್ಮ ಜಗಲಿಯಲ್ಲಿ ನೈರುತ್ಯಕ್ಕೆ ಮುಖ ಮಾಡಿದರೆ ನಿಶ್ಶಬ್ದ. ನಾನು ಗಿಟಾರ್ ಹಿಡಿದು ಕಾಲಿಂಚು ಕಾಲಿಂಚು ತಿರುಗುವುದನ್ನು ನೋಡಿ ಪಕ್ಕದ ಮನೆಯವರು "ವಾಸ್ತು ನೋಡ್ಲಿಕ್ಕೆ ಯಾವಾಗ ಕಲಿತದ್ದು?" ಅಂತ ಕೇಳಿದರು.

ಕಳೆದ ಭಾನುವಾರ ಅದರ ಮೊದಲ ಪ್ರೋಗ್ರಾಂ. ಪಡುಬಿದ್ರಿಯ ಒಂದು ಹಾಲ್, ಯಾರದೋ ಮದುವೆಯ ಬೆಳ್ಳಿಹಬ್ಬ. ಹೊರಗೆ ಜೋರು ಮಳೆ. ಗಿಟಾರಿನ ಜೊತೆ ಬಂದ ಚೀಲ ಗೋಣಿಗಿಂತ ತೆಳು. ಅದಕ್ಕೇ ಕಪಾಟಿನ ಶಾಲನ್ನು ತೆಗೆದು ಸುತ್ತಿ ತಂದಿದ್ದೆ. ಹಾಲ್‌ಗೆ ಹೋದವನೇ ಮೊದಲು ದಿಕ್ಕು ನೋಡಿದೆ. ಸೀರಿಯಲ್ ಲೈಟು, ಫ್ಯಾನಿನ ರೆಗ್ಯುಲೇಟರು, ಎಲ್ಲ ಸೇರಿ ಗುಂಯ್ ಭಾರೀ ಇತ್ತು. ಬೆಳ್ಳಿಹಬ್ಬದ ದಂಪತಿಗೆ ಪೂರ್ತಿ ಬೆನ್ನು ಹಾಕಿ, ಐಸ್‌ಕ್ರೀಮ್ ಕೌಂಟರಿಗೆ ಮುಖ ಮಾಡಿದರೆ ಸರಿಯಾಗುತ್ತಿತ್ತು. ಇರಲಿ ಅಂತ ಗುರುತು ಇಟ್ಟುಕೊಂಡೆ. ಸ್ಟ್ರಾಟಿಗೆ ಹೊಸ ತಂತಿ, ಪಕ್ಕದ ಸ್ಟ್ಯಾಂಡಿನಲ್ಲಿ ಧಾರವಾಡದ ಹುಡುಗನ ಗಿಟಾರ್, ಶ್ರುತಿ ಮಾಡಿ ಸಿದ್ಧ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಧೈರ್ಯದಲ್ಲಿ ನಿಂತಿದ್ದೆ.

ನಾಲ್ಕನೇ ಹಾಡು ಮುಗಿದಾಗ ಮೈಕಣ್ಣ ಹತ್ತಿರ ಬಂದರು. ಮೈಕನ್ನು ಬೆನ್ನ ಹಿಂದೆ ಹಿಡಿದುಕೊಂಡು, ಗುಟ್ಟಿನ ಸ್ವರದಲ್ಲಿ ಕೇಳಿದರು.

"ಒಂದು ಉಪಕಾರ ಆಗಬೇಕಿತ್ತು. ಮನೆಯವರು ನಾಲ್ಕು ಶಾಲು ತಂದು ಕೊಟ್ಟಿದ್ದಾರೆ. ಭಾವಂದಿರಿಗೆ ಹೊದಿಸಬೇಕಂತೆ. ಹಾಡಿನ ನಡುವೆ ಜಾಗ ಸಿಗ್ತಾ ಇಲ್ಲ. ಒಂಬತ್ತು ಗಂಟೆಗೆ ಒಂದು ತಂತಿ ತುಂಡು ಮಾಡ್ಲಿಕ್ಕೆ ಆಗ್ತದಾ?"

ನಾನು ಮಾತಾಡದೆ ಸ್ಟ್ಯಾಂಡಿನ ಕಡೆ ಕೈ ತೋರಿಸಿದೆ. ಅವರು ಆ ಗಿಟಾರನ್ನು ನೋಡಿದರು. ಮುಖ ಸಣ್ಣದಾಯಿತು.

"ಎರಡೆರಡು ಉಂಟಾ?" ಅಂದರು. ಸ್ವಲ್ಪ ಹೊತ್ತು ಯೋಚನೆ ಮಾಡಿದರು. "ಅಲ್ಲ, ಎರಡೂ ಒಟ್ಟಿಗೆ ತುಂಡಾಗಬಹುದಲ್ಲ?"